ಘಟ್ಟದ ಶಾಲೆ, ಕರಾವಳಿಯ ಶಾಲೆ ಒಂದೇ ಹಾಳೆಯಲ್ಲಿ ಬರೆಯುವುದು ಹೇಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಪ್ರೌಢಶಾಲೆಗಳಲ್ಲಿ ಇವತ್ತು ಪ್ರೊಜೆಕ್ಟರೋ ದೊಡ್ಡ ಟಿವಿಯೋ ಇದೆ. ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪಂತೂ ಇದ್ದೇ ಇದೆ. ಆ ಗುಂಪನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ. ಹೋಮ್‌ವರ್ಕಿನ ಫೋಟೊ, ಮಳೆ ರಜೆಯ ಸೂಚನೆ, ಹಬ್ಬದ ಶುಭಾಶಯ, ಕೆಳಗೆ ಸಾಲಾಗಿ ಹೆಬ್ಬೆರಳು. ಮಾಸ್ತರು ಹೇಳುತ್ತಾರೆ, ಉಳಿದವರು ಹೆಬ್ಬೆರಳು ಎತ್ತುತ್ತಾರೆ. ಕರಿಹಲಗೆ ಗೋಡೆಯಿಂದಿಳಿದು ಕಿಸೆಗೆ ಬಂದಿದೆ, ಅಷ್ಟೇ.

ಕೊರೊನಾ ಕಾಲದಲ್ಲೂ ಇದೇ ಆಯಿತು. 2020ರಲ್ಲಿ ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಿ ಪಾಠ ಹೇಳುವ ವಿದ್ಯಾಗಮ ಬಂತು, ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು, ಮಕ್ಕಳು ಕೊಡೆ ಹಿಡಿದು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. ಹತ್ತಿ ಮಾಡಿದ್ದು ಬಹಳಷ್ಟು ಸಲ ಪಾಠ ಕೇಳುವುದನ್ನು ಮಾತ್ರ. ಪಾಠ ತಲುಪಿಸುವುದು ಬೇರೆ, ಕೂಡಿ ಕೆಲಸ ಮಾಡಿಸುವುದು ಬೇರೆ. ಈ ಲೇಖನ ಎರಡನೆಯದರ ಬಗ್ಗೆ: ಹಲವರು ಒಟ್ಟಿಗೆ ಬರೆಯುವ ಹಾಳೆ, ಒಬ್ಬರ ಬರಹಕ್ಕೆ ಇನ್ನೊಬ್ಬರು ಹಾಕುವ ಟಿಪ್ಪಣಿ, ಧ್ವನಿ ಸಂದೇಶ, ವಿಡಿಯೊ ಕರೆ ಇವುಗಳನ್ನು ಆರರಿಂದ ಹತ್ತನೇ ತರಗತಿಯ ಕಲಿಕೆಯೊಳಗೆ ತರುವುದು ಹೇಗೆ ಎಂಬುದು. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಂಡಿದ್ದೇನೆ: ಅಘನಾಶಿನಿ ಹೊಳೆ.

1. ಮೊದಲು ಕೆಲಸ ಹುಡುಕಿ

ಆ್ಯಪ್ ಆರಿಸಿಕೊಂಡು ಆಮೇಲೆ ಅದಕ್ಕೊಂದು ಪಾಠ ಹುಡುಕುವುದು ನಮ್ಮಲ್ಲಿ ರೂಢಿ. ತರಬೇತಿಯಿಂದ ಬಂದ ಮರುದಿನವೇ ಎಲ್ಲರಿಗೂ ಲಿಂಕ್ ಹೋಗುತ್ತದೆ, ಹದಿನೈದು ದಿನಕ್ಕೆ ಉತ್ಸಾಹ ಇಳಿಯುತ್ತದೆ. ಇದನ್ನು ತಿರುಗಿಸಿ. ಒಂದೇ ಶಾಲೆಯಲ್ಲಿ ಕೂತು ಮಾಡಿದರೆ ಅರ್ಧಕ್ಕೆ ನಿಲ್ಲುವ ಕೆಲಸ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಅಂಥ ಕೆಲಸ ಸಿಕ್ಕರೆ ತಂತ್ರಜ್ಞಾನ ಬೇಕೇ ಬೇಕಾಗುತ್ತದೆ, ಮಕ್ಕಳನ್ನು ಒತ್ತಾಯ ಮಾಡುವ ಪ್ರಸಂಗ ಬರುವುದಿಲ್ಲ.

ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಕುಮಟಾ ತಾಲೂಕಿನಲ್ಲಿ ಉಪ್ಪುನೀರಿನೊಡನೆ ಬೆರೆತು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಹೊಳೆ ಇದು. ಅದರ ಅಳಿವೆಗೆ 2024ರಲ್ಲಿ, ಜಾಗತಿಕ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್ಸರ್ ತಾಣದ ಮನ್ನಣೆ ಸಿಕ್ಕಿತು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಈ ಒಂದು ಹೊಳೆ ಎರಡು ಜಿಲ್ಲೆಗೆ ಸೇರಿದೆ. ಮೇಲಿನ ಭಾಗ ಶಿರಸಿ ಶೈಕ್ಷಣಿಕ ಜಿಲ್ಲೆ, ಕೆಳಗಿನದು ಕಾರವಾರ ಶೈಕ್ಷಣಿಕ ಜಿಲ್ಲೆ. ಮೇಲಿನ ಮಕ್ಕಳಿಗೆ ಉಪ್ಪುನೀರು ನುಗ್ಗುವ ಗಜನಿ ಗದ್ದೆ ಗೊತ್ತಿಲ್ಲ, ಕೆಳಗಿನವರಿಗೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟ ಗೊತ್ತಿಲ್ಲ.

ಈಗ ಒಂದು ಪ್ರಶ್ನೆ ಹಾಕಿ. ಶಿರಸಿಯಲ್ಲಿ ರಾತ್ರಿ ಜಡಿಮಳೆ ಹೊಡೆದರೆ ದಿವಗಿಯ ಸೇತುವೆಯ ಕೆಳಗೆ ನೀರು ಕೆಂಪಾಗುವುದು ಯಾವಾಗ? ಉತ್ತರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಮಾಸ್ತರಿಗೂ ಗೊತ್ತಿಲ್ಲ. ಘಟ್ಟದ ಮೇಲಿನ ಶಾಲೆಯೊಂದು ಮಳೆ ಅಳೆಯಬೇಕು, ಕೆಳಗಿನ ಶಾಲೆಯೊಂದು ಹೊಳೆ ನೋಡಬೇಕು, ಎರಡೂ ಲೆಕ್ಕ ಒಂದೇ ಕಡೆ ಸೇರಬೇಕು. ಭೂಗೋಳ, ಗಣಿತ, ವಿಜ್ಞಾನ, ಕನ್ನಡ ನಾಲ್ಕೂ ಇದರೊಳಗೆ ಬರುತ್ತವೆ.

ಹೊಳೆ ನಿಮಗೆ ದೂರವೆಂದಾದರೆ ಬೇರೆ ಕೆಲಸಕ್ಕೆ ಬರವಿಲ್ಲ. ಒಂದೇ ಮೀನಿಗೆ ಕಾರವಾರ, ಹೊನ್ನಾವರ, ಭಟ್ಕಳದಲ್ಲಿ ಇರುವ ಹೆಸರುಗಳು; 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಮನೆಮನೆಯಲ್ಲಿ ಉಳಿದ ಮಾತು; 1983ರಲ್ಲಿ ಶಿರಸಿಯ ಸಾಲ್ಕಣಿ ಕಡೆ ಕಡಿಯಲು ಬಿಡದೆ ಮರ ಅಪ್ಪಿಕೊಂಡ ಅಪ್ಪಿಕೋ ಚಳವಳಿಯವರ ನೆನಪು. ಜೊತೆಗಾರ ಶಾಲೆಯನ್ನು ಹುಡುಕಲು ಇಲಾಖೆಯ ಆದೇಶಕ್ಕೆ ಕಾಯಬೇಕಿಲ್ಲ. ಅಕ್ಕಪಕ್ಕದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ನಿಮ್ಮ ಸಿಆರ್‌ಪಿಗೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಕುಮಟಾದ ಡಯಟ್‌ಗೋ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹೇಳಿದರೆ ಒಂದು ಹೆಸರು ಸಿಕ್ಕೇ ಸಿಗುತ್ತದೆ. ಮೇಲಧಿಕಾರಿಗಳಿಗೆ ಒಂದು ಪತ್ರ ಮಾತ್ರ ಮೊದಲೇ ಕೊಟ್ಟಿರಿ.

2. ಇರುವುದನ್ನು ಎಣಿಸಿ

ಎರಡೂ ಶಾಲೆಗಳಲ್ಲಿ ಅರ್ಧ ದಿನದ ಕೆಲಸ ಇದು. ಕಾಗದ ಹಿಡಿದು ಶಾಲೆ ಸುತ್ತಿ. ಯಾವ ಕೋಣೆಯಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಬರುತ್ತದೆ, ಮಾಡಿನ ತಗಡಿನ ಕೆಳಗೆ ಎಷ್ಟು, ಹೊರಗಿನ ಕಟ್ಟೆಯ ಮೇಲೆ ಎಷ್ಟು, ಫೈಬರ್ ಇದ್ದರೆ ವಾರದಲ್ಲಿ ಎಷ್ಟು ದಿನ ಜೀವಂತ ಇರುತ್ತದೆ, ಕರೆಂಟು ಹೋದರೆ ರೂಟರ್ ಎಷ್ಟು ಹೊತ್ತು ನಡೆಯುತ್ತದೆ ಎಂದು ಬರೆದುಕೊಳ್ಳಿ. ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಒಂದಿದ್ದರೆ ಮಳೆಗಾಲದ ಅರ್ಧ ಗೋಳು ತಪ್ಪುತ್ತದೆ.

ಮನೆಯ ಫೋನಿನ ಲೆಕ್ಕ ಇದಕ್ಕಿಂತ ಮುಖ್ಯ, ಇದಕ್ಕಿಂತ ನಾಜೂಕಿನದು. "ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಕೈ ಎತ್ತಿ" ಎಂದು ತರಗತಿಯಲ್ಲಿ ಕೇಳಬೇಡಿ. ಇಲ್ಲದವನೂ ಎತ್ತುತ್ತಾನೆ. ಚೀಟಿ ಕೊಟ್ಟು ನಾಲ್ಕು ಪ್ರಶ್ನೆಗೆ ಉತ್ತರ ಬರೆಸಿಕೊಳ್ಳಿ: ಫೋನ್ ಯಾರದು, ಅದು ಮನೆಗೆ ಬರುವುದು ಎಷ್ಟು ಗಂಟೆಗೆ, ನಿನ್ನ ಕೈಗೆ ಸಿಗುವುದು ಎಷ್ಟು ಹೊತ್ತು, ಡೇಟಾ ತಿಂಗಳಿಗೋ ದಿನಕ್ಕೋ. ಉತ್ತರಗಳಲ್ಲಿ ಊರಿನ ದುಡಿಮೆಯ ಕ್ರಮ ಕಾಣುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ಬೋಟಿಗೆ ಹೋಗುವ ಅಪ್ಪನ ಫೋನ್ ಆ ಎರಡು ತಿಂಗಳು ಮನೆಯಲ್ಲೇ ಸಿಗಬಹುದು, ಆಗಸ್ಟಿನಲ್ಲಿ ಅದು ಮತ್ತೆ ಕಡಲಿಗೆ ಹೋಗುತ್ತದೆ. ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರುವಾದರೆ ಫೋನೂ ತೋಟಕ್ಕೆ, ರಾತ್ರಿ ಸುಲಿಯುವ ಚಪ್ಪರಕ್ಕೆ. ನಿಮ್ಮ ಯೋಜನೆಯ ತಿಂಗಳುಗಳನ್ನು ಇದಕ್ಕೆ ಹೊಂದಿಸಿ. ಮಳೆಯ ಕೆಲಸಕ್ಕೆ ಜೂನ್, ಜುಲೈ ಹೇಗೂ ಸರಿಹೋಗುತ್ತದೆ.

ಫೋನೇ ಇಲ್ಲದ ಮನೆ ಒಂದಿದ್ದರೂ ಸಾಕು, ಮನೆಯಲ್ಲಿ ಮಾಡಬೇಕಾದ ಆನ್‌ಲೈನ್ ಕೆಲಸ ಕೊಡಬೇಡಿ. ಕೂಡಿ ಬರೆಯುವ ಕೆಲಸ ಶಾಲೆಯ ಅವಧಿಯಲ್ಲಿ, ಶಾಲೆಯ ಸಾಧನದಲ್ಲಿ ಆಗಲಿ. ಮನೆಯಿಂದ ತರಬೇಕಾದ್ದು ಕಣ್ಣಿಂದ ಕಂಡದ್ದು, ಕಿವಿಯಿಂದ ಕೇಳಿದ್ದು ಮಾತ್ರ. ಈ ವಿಷಯದಲ್ಲಿ ನಾನು ರಾಜಿಗೆ ಒಪ್ಪುವವನಲ್ಲ.

3. ಒಂದು ಅವಧಿಗೆ ಒಂದೇ ಸಾಧನ

ಎರಡು ಶಾಲೆಗಳ ನಡುವೆ ಮೊದಲು ಬೇಕಾದದ್ದು ಒಂದು ಹಂಚಿಕೊಂಡ ಹಾಳೆ: ಗೂಗಲ್ ಶೀಟ್ಸ್ ಅಥವಾ ಅಂಥದ್ದೇ ಇನ್ನೊಂದು. ಜೂನಿನಿಂದ ದಸರಾ ರಜೆಯವರೆಗೆ ಅದೊಂದೇ ಇರಲಿ. ಪ್ಯಾಡ್ಲೆಟ್ಟಿನ ಬಣ್ಣದ ಗೋಡೆ, ಕ್ವಿಜ್ ಆ್ಯಪ್ ಎಲ್ಲ ಚೆಂದವೇ. ಆದರೆ ಪ್ರತಿಯೊಂದಕ್ಕೂ ಹೊಸ ಖಾತೆ, ಹೊಸ ಪಾಸ್‌ವರ್ಡ್, ಹೊಸ ಗೊಂದಲ ಇದೆ.

ಹಾಳೆಗೆ ಹೆಚ್ಚು ಡೇಟಾ ಬೇಡ. ಫೋನಿನಲ್ಲಿ ಅದನ್ನು ಆಫ್‌ಲೈನ್‌ಗೆ ಇಟ್ಟುಕೊಂಡರೆ ಸಿಗ್ನಲ್ ಇಲ್ಲದಾಗಲೂ ತುಂಬಬಹುದು, ಸಿಗ್ನಲ್ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಲಿಂಕ್ ಕಳಿಸುವಾಗ ಮೂರು ಬಗೆಯ ಅನುಮತಿ ಇರುವುದನ್ನು ಗಮನಿಸಿ: ನೋಡುವುದು ಮಾತ್ರ, ಟಿಪ್ಪಣಿ ಹಾಕುವುದು, ತಿದ್ದುವುದು. ತಿದ್ದುವ ಅನುಮತಿ ಎರಡು ಶಾಲೆಯ ಖಾತೆಗಳಿಗೆ ಮಾತ್ರ ಕೊಡಿ. "ಲಿಂಕ್ ಇದ್ದವರೆಲ್ಲ ತಿದ್ದಬಹುದು" ಎಂದು ಬಿಟ್ಟರೆ ಆ ಲಿಂಕ್ ಸಂಜೆಯೊಳಗೆ ಯಾವ ಯಾವ ಗುಂಪಿಗೆ ಹೋಗಿರುತ್ತದೋ ಹೇಳಲಾಗದು.

ಇಂಟರ್ನೆಟ್ಟೇ ಇಲ್ಲದ ಶಾಲೆಯಲ್ಲೂ ಕೂಡಿ ಬರೆಯುವುದು ಸಾಧ್ಯ. ಲ್ಯಾಬಿನ ಒಂದು ಕಂಪ್ಯೂಟರಿಗೆ ಈಥರ್‌ಪ್ಯಾಡ್ ಎಂಬ ಉಚಿತ ತಂತ್ರಾಂಶ ಹಾಕಿ, ಸಾಧಾರಣ ವೈಫೈ ರೂಟರಿಗೆ ಜೋಡಿಸಿದರೆ ಕೋಣೆಯೊಳಗಿನ ಉಳಿದ ಕಂಪ್ಯೂಟರು, ಫೋನುಗಳಿಂದ ಒಂದೇ ಪುಟದಲ್ಲಿ ಬರೆಯಬಹುದು. ಒಬ್ಬೊಬ್ಬರ ಅಕ್ಷರ ಒಂದೊಂದು ಬಣ್ಣದಲ್ಲಿ ಮೂಡುತ್ತದೆ. ಹೊರಗಿನ ಜಾಲ ಬೇಡ. ಕಂಪ್ಯೂಟರ್ ಬಲ್ಲವರೊಬ್ಬರು ಒಮ್ಮೆ ಬಂದು ಹಾಕಿಕೊಟ್ಟರೆ ಆಯಿತು. ನಿಮ್ಮ ಊರಿನ ಹುಡುಗರು ಬೆಂಗಳೂರಿನಿಂದ ಹಬ್ಬಕ್ಕೆ ಬಂದಾಗ ಹಿಡಿದುಕೊಳ್ಳಿ. ವಾರಕ್ಕೊಮ್ಮೆ ಆ ಪುಟವನ್ನು ಪೆನ್‌ಡ್ರೈವಿಗೆ ಹಾಕಿ ಸಿಗ್ನಲ್ ಇರುವಲ್ಲಿಂದ ಜೊತೆಗಾರ ಶಾಲೆಗೆ ಕಳಿಸಿದರೆ ಸಾಕು.

ಕನ್ನಡದ ಅಕ್ಷರದ ಬಗ್ಗೆ ಒಂದು ಎಚ್ಚರಿಕೆ. ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದದ್ದನ್ನು ಹಂಚಿಕೊಂಡ ಹಾಳೆಗೆ ಅಂಟಿಸಿದರೆ ಇಂಗ್ಲಿಷಿನ ಚೆಲ್ಲಾಪಿಲ್ಲಿ ಅಕ್ಷರ ಕಾಣುತ್ತದೆ. ಎಲ್ಲ ಸಾಧನದಲ್ಲೂ ಸರಿಯಾಗಿ ಕಾಣುವ ಯೂನಿಕೋಡಿನಲ್ಲೇ ಹೊಡೆಯಬೇಕು, ಹಳೆಯದಿದ್ದರೆ ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬೇಕು. ಫೋನಿನ ಕೀಲಿಮಣೆ ಯೂನಿಕೋಡೇ ಆದ್ದರಿಂದ ಅಲ್ಲಿ ಈ ತಾಪತ್ರಯ ಇಲ್ಲ. ಮಾತಾಡಿ ಬರೆಸುವ ಸೌಲಭ್ಯ ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ. ಹವ್ಯಕ ಮಾತು, ಹಾಲಕ್ಕಿ ಮಾತು ಕೇಳಿಸಿದರೆ ಅದು ಏನನ್ನೋ ಬರೆಯುತ್ತದೆ. ಮಕ್ಕಳು ನಗಲಿ, ಆಮೇಲೆ ಕೈಯಿಂದ ತಿದ್ದಲಿ.

4. ಖಾತೆ, ಒಪ್ಪಿಗೆ, ಸುರಕ್ಷತೆ

ಶಾಲೆಯ ಹೆಸರಿನಲ್ಲಿ ಒಂದು ಇಮೇಲ್ ಖಾತೆ ತೆರೆಯಿರಿ. ಮಾಸ್ತರ ಸ್ವಂತ ಖಾತೆ ಬೇಡ. ಪಾಸ್‌ವರ್ಡನ್ನು ಮುಖ್ಯ ಶಿಕ್ಷಕರ ಕಪಾಟಿನ ರಿಜಿಸ್ಟರಿನಲ್ಲಿ ಬರೆದಿಡಿ. ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡಿಕೊಡುವ ಆತುರ ಬೇಡ. ಗೂಗಲ್ಲಿನಲ್ಲಿ ಸ್ವಂತ ಖಾತೆಗೂ ವಾಟ್ಸ್‌ಆ್ಯಪ್ಪಿಗೂ ಕನಿಷ್ಠ 13 ವರ್ಷ ಆಗಿರಬೇಕು. ಆರು, ಏಳನೆಯವರು ಶಾಲೆಯ ಖಾತೆ ತೆರೆದ ಸಾಧನದಲ್ಲಿ, ಶಿಕ್ಷಕರ ಎದುರಿಗೆ ಬರೆಯಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಪಾಲಕರ ಸಭೆಯಲ್ಲಿ ವಿಷಯ ಇಡಿ. ಒಂದು ಪುಟದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ಮಗುವಿನ ಹೆಸರು ಎಲ್ಲಿ ಕಾಣುತ್ತದೆ, ಫೋಟೊ ಹೋಗುತ್ತದೋ ಇಲ್ಲವೋ, ಧ್ವನಿ ಯಾರು ಕೇಳುತ್ತಾರೆ, ಬೇಡ ಎನಿಸಿದರೆ ಯಾರಿಗೆ ಹೇಳಬೇಕು, ಇಷ್ಟು ಸ್ಪಷ್ಟವಾಗಿರಲಿ. ತಾಯಂದಿರ ಮೊದಲ ಪ್ರಶ್ನೆ ಬಹುಶಃ ಒಂದೇ: "ನನ್ ಮಗಳ ನಂಬರು ಯಾರ್ಯಾರಿಗೆ ಹೋಗ್ತದೆ ಅಕ್ಕೋರೆ?" ಅದು ಸರಿಯಾದ ಪ್ರಶ್ನೆ. ಮಾಮೂಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಎರಡು ಶಾಲೆಯ ಮಕ್ಕಳನ್ನು ಒಂದೇ ಗುಂಪಿಗೆ ಸೇರಿಸುವುದು ಬೇಡವೇ ಬೇಡ. ಗುಂಪು ಬೇಕಿದ್ದರೆ ಎರಡೂ ಶಾಲೆಯ ಶಿಕ್ಷಕರದ್ದು ಮಾತ್ರ.

ಶಿಕ್ಷಕರು ಮಕ್ಕಳೊಬ್ಬರಿಗೇ ಖಾಸಗಿ ಸಂದೇಶ ಕಳಿಸುವುದನ್ನು ಮೊದಲ ದಿನವೇ ನಿಲ್ಲಿಸಿ, ನಿಯಮವೆಂದು ಗೋಡೆಗೆ ಹಾಕಿ. ಅದರ ಕೆಳಗೇ ಎರಡು ನಂಬರು ಬರೆಯಿಸಿ: ಮಕ್ಕಳ ಸಹಾಯವಾಣಿ 1098, ಸೈಬರ್ ಹಣ ವಂಚನೆಗೆ 1930.

5. ಮಕ್ಕಳಿಗಿಂತ ಮೊದಲು ಶಿಕ್ಷಕರು

ಸಿಬ್ಬಂದಿ ಕೋಣೆಯಲ್ಲಿ ಎರಡು ವಾರ ಬಳಸದ ಸಾಧನವನ್ನು ತರಗತಿಗೆ ಒಯ್ಯಬೇಡಿ. ಬದಲಿ ಪಿರಿಯಡ್ಡಿನ ಪಟ್ಟಿ, ಬಿಸಿಯೂಟದ ಸಾಮಗ್ರಿ, ಪ್ರತಿಭಾ ಕಾರಂಜಿಯ ಹೆಸರುಗಳು ಹೀಗೆ ದಿನವೂ ಬೇಕಾಗುವ ಒಂದನ್ನು ಹಂಚಿಕೊಂಡ ಹಾಳೆಗೆ ಹಾಕಿ. ಬೇಕಾದ ವಸ್ತು ಅಲ್ಲಿ ಇದೆ ಎಂದಾದರೆ ನಿವೃತ್ತಿಗೆ ಎರಡು ವರ್ಷ ಇರುವ ಮಾಸ್ತರೂ ತೆರೆದು ನೋಡುತ್ತಾರೆ.

ಹಿರಿಯರ ನಿಜವಾದ ಅಂಜಿಕೆ "ನಾನೇನಾದ್ರೂ ಒತ್ತಿ ಎಲ್ಲಾ ಅಳಿಸಿಹೋದ್ರೆ?" ಎಂಬುದು. ಅದನ್ನು ಮಾತಿನಿಂದ ಬಿಡಿಸಲಾಗದು. ಎಲ್ಲರೂ ಸೇರಿರುವಾಗ ಒಬ್ಬರಿಂದ ಬೇಕೆಂದೇ ಇಡೀ ಹಾಳೆ ಅಳಿಸಿಸಿ. ಆಮೇಲೆ ಕಂಪ್ಯೂಟರಿನಲ್ಲಿ ಫೈಲ್ ಮೆನುವಿನ ಆವೃತ್ತಿ ಇತಿಹಾಸಕ್ಕೆ ಹೋಗಿ ಹತ್ತು ನಿಮಿಷ ಹಿಂದಿನ ಹಾಳೆಯನ್ನು ಮರಳಿ ತನ್ನಿ. ಒಂದು ಗಂಟೆಯ ಭಾಷಣಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹದಿನೈದು ನಿಮಿಷ ಕೇಳಿ ಪಡೆದು ಇದನ್ನೇ ಮಾಡಿ ತೋರಿಸಬಹುದು.

6. ಕಾಗದದ ಮೇಲೆ ಒಂದು ತಾಲೀಮು

ಪರದೆ ಹಚ್ಚುವ ಮೊದಲು ನೆಲದ ಮೇಲೆ ಡ್ರಾಯಿಂಗ್ ಶೀಟ್ ಹಾಸಿ. ನಾಲ್ಕು ಮಕ್ಕಳಿಗೆ ನಾಲ್ಕು ಬಣ್ಣದ ಪೆನ್ನು. ವಿಷಯ: ನಮ್ಮ ಊರಿನ ಮಳೆ. ಮಾತಾಡುವಂತಿಲ್ಲ, ಬರೆಯಬಹುದು, ಇನ್ನೊಬ್ಬರು ಬರೆದದ್ದಕ್ಕೆ ಬಾಣ ಎಳೆದು ಪ್ರಶ್ನೆ ಹಾಕಬಹುದು, ಹೊಡೆದುಹಾಕುವಂತಿಲ್ಲ. ಹತ್ತೇ ನಿಮಿಷದಲ್ಲಿ ಜಗಳ ಬರುತ್ತದೆ. ಒಬ್ಬ ಹಾಳೆಯ ಮುಕ್ಕಾಲು ಭಾಗ ಹಿಡಿದುಕೊಂಡಿರುತ್ತಾನೆ, ಒಬ್ಬಳು ಒಂದೇ ಶಬ್ದ ಬರೆದು ಸುಮ್ಮನೆ ಕೂತಿರುತ್ತಾಳೆ. ಈ ಜಗಳವನ್ನೇ ಎತ್ತಿಕೊಂಡು ನಿಯಮ ಏನಿರಬೇಕು ಎಂದು ಮಕ್ಕಳಿಂದಲೇ ಬರೆಸಿ. ಅವರೇ ಬರೆದ ಐದು ಸಾಲನ್ನು ಹಂಚಿಕೊಂಡ ಹಾಳೆಯ ಮೊದಲ ಪುಟಕ್ಕೆ ಹಾಕಿ.

ಆಮೇಲೆ ಪಾಲು ಹಂಚಿ. ಅಮೆರಿಕದ ಮನಃಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನ ಶಾಲೆಗಳಲ್ಲಿ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟು ನೋಡಿದರು. ಉಳಿದವರ ತುಂಡು ಕೇಳದೆ ಯಾರಿಗೂ ಪೂರ್ತಿ ಪಾಠ ಸಿಗುವಂತಿರಲಿಲ್ಲ. ಕರಿಯರು, ಬಿಳಿಯರು ಒಂದೇ ಕೋಣೆಯಲ್ಲಿ ಹೊಸದಾಗಿ ಕೂತ ಕಾಲ ಅದು. ಪರಸ್ಪರ ಬೇಕಾದಾಗ ಮಕ್ಕಳು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳತೊಡಗಿದರು. ಆನ್‌ಲೈನಿಗೂ ಈ ಸೂತ್ರ ಸಲ್ಲುತ್ತದೆ. ಗುಂಪಿನಲ್ಲಿ ಒಬ್ಬರು ಅಳೆಯಲಿ, ಒಬ್ಬರು ಹಾಳೆಗೆ ತುಂಬಲಿ, ಒಬ್ಬರು ಜೊತೆಗಾರ ಶಾಲೆಯ ಸಾಲನ್ನು ಪರೀಕ್ಷಿಸಲಿ, ಒಬ್ಬರು ಮನೆಯ ಹಿರಿಯರನ್ನು ಕೇಳಿ ಬರಲಿ. ವಾರಕ್ಕೊಮ್ಮೆ ಪಾಲು ಬದಲಾಗಲಿ. ಇಲ್ಲದಿದ್ದರೆ ಟೈಪ್ ಬರುವ ಹುಡುಗನೇ ವರ್ಷವಿಡೀ ಟೈಪ್ ಮಾಡುತ್ತಾನೆ.

7. ಮಳೆ ಅಳೆಯುವ ತಿಂಗಳು

ಎರಡು ಲೀಟರಿನ, ಬದಿ ನೇರ ಇರುವ ಪ್ಲಾಸ್ಟಿಕ್ ಬಾಟಲಿ ತನ್ನಿ. ಮೇಲಿನ ಕುತ್ತಿಗೆ ಭಾಗ ಕತ್ತರಿಸಿ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಏರುತಗ್ಗಾಗಿರುವುದರಿಂದ ಅಲ್ಲಿ ಸಣ್ಣ ಕಲ್ಲು ತುಂಬಿ, ನೇರ ಬದಿ ಶುರುವಾಗುವವರೆಗೆ ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಎಂದು ಗೆರೆ ಎಳೆಯಿರಿ. ಆಲಿಕೆಯ ಬಾಯಿ, ಬಾಟಲಿಯ ಅಗಲ ಒಂದೇ ಆಗಿರುವುದರಿಂದ ಸ್ಕೇಲಿನಿಂದ ಅಳೆದ ಮಿಲಿಮೀಟರೇ ಮಳೆಯ ಮಿಲಿಮೀಟರು. ಮರದ, ಮಾಡಿನ ಹನಿ ಬೀಳದ ಬಯಲಿನಲ್ಲಿ ಗಾಳಿಗೆ ಬೀಳದ ಹಾಗೆ ನಿಲ್ಲಿಸಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಶಾಲೆಯ ಪಕ್ಕದ ಮನೆಯ ಮಗು ಇದ್ದರೆ ಅದೇ ಹೊತ್ತಿಗೆ, ಇಲ್ಲದಿದ್ದರೆ ಪ್ರಾರ್ಥನೆಗೆ ಮೊದಲು. ಎರಡೂ ಶಾಲೆಗೆ ಒಂದೇ ಹೊತ್ತು ಇರಬೇಕು, ಅದು ಮುಖ್ಯ. ಇಲಾಖೆಯ ಲೆಕ್ಕದಲ್ಲಿ 24 ತಾಸಿನಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ. ನಮ್ಮ ಜುಲೈಯಲ್ಲಿ ಬಾಟಲಿ ತುಂಬಿ ಚೆಲ್ಲುವ ದಿನವೂ ಬಂದೀತು, ಅಂಥ ದಿನ ಸಂಜೆಯೂ ಒಮ್ಮೆ ಅಳೆದು ಚೆಲ್ಲಿ ಕೂಡಿಸಿಕೊಳ್ಳಿ.

ಹಾಳೆಯ ಕಂಬಗಳು ಹೀಗಿರಲಿ: ತಾರೀಖು, ಮಳೆ ನಕ್ಷತ್ರ, ಮೇಲಿನ ಶಾಲೆಯ ಮಳೆ, ಕೆಳಗಿನ ಶಾಲೆಯ ಮಳೆ, ಹೊಳೆಯ ನೀರಿನ ಬಣ್ಣ ಮತ್ತು ಮಟ್ಟ, ಆ ಹೊತ್ತಿಗೆ ಭರತವೋ ಇಳಿತವೋ, ಕಂಡದ್ದು ಕೇಳಿದ್ದು, ಬರೆದವರ ಹೆಸರಿನ ಮೊದಲಕ್ಷರ. ನಕ್ಷತ್ರದ ಕಂಬ ಬಿಡಬೇಡಿ. ಮೃಗಶಿರ, ಆರಿದ್ರ, ಪುನರ್ವಸು ಎಂದು ಅಜ್ಜ ಎಣಿಸುವ ಲೆಕ್ಕವೂ ಮೊಮ್ಮಗಳ ಮಿಲಿಮೀಟರೂ ಅಕ್ಕಪಕ್ಕ ಕೂತಾಗ ಮನೆಯವರಿಗೆ ಈ ಕೆಲಸದಲ್ಲಿ ಆಸಕ್ತಿ ಹುಟ್ಟುತ್ತದೆ.

ಹೊಳೆ ನೋಡುವುದಕ್ಕೆ ಮಕ್ಕಳನ್ನು ದಂಡೆಗೆ ಕಳಿಸಬೇಡಿ. ಸೇತುವೆ ದಾಟಿ ಬರುವ ಪಾಲಕರು, ದೋಣಿಯವರು ಹೇಳಿದ್ದನ್ನು ಬರೆದುಕೊಂಡರೆ ಸಾಕು. ಭರತ ಇಳಿತದ ಕಂಬ ಇಲ್ಲದಿದ್ದರೆ ಇಡೀ ಲೆಕ್ಕ ಹಳ್ಳ ಹಿಡಿಯುತ್ತದೆ. ಸಮುದ್ರದ ಭರತ ದಿನಕ್ಕೆರಡು ಸಲ ಬರುತ್ತದೆ, ಹೊತ್ತು ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮಳೆಯೇ ಇಲ್ಲದ ದಿನ ಅಳಿವೆಯಲ್ಲಿ ನೀರು ಏರಿದ್ದನ್ನು ಕಂಡು ಶಿರಸಿಯ ಮಗು "ಇದು ಹೇಗೆ?" ಎಂದು ಟಿಪ್ಪಣಿ ಹಾಕುತ್ತದಲ್ಲ, ಅಲ್ಲಿಂದ ಪಾಠ ಶುರು. ಉತ್ತರ ಕೊಡಬೇಕಾದವಳು ಕುಮಟಾದ ಹುಡುಗಿ, ಮಾಸ್ತರಲ್ಲ.

ತಪ್ಪುಗಳೂ ಇದೇ ದಾರಿಯಲ್ಲಿ ಸಿಗುತ್ತವೆ. ಅಕ್ಕಪಕ್ಕದ ದಿನ 18, 31 ಇದ್ದು ನಡುವೆ 240 ಕಂಡರೆ ಪರೀಕ್ಷಿಸುವ ಮಗು ಕೇಳಬೇಕು: "ನಿಮ್ಮಲ್ಲಿ ನಿನ್ನೆ ಅಷ್ಟು ಹೊಡೀತಾ, ಇಲ್ಲಾ ಒಂದು ಸೊನ್ನೆ ಜಾಸ್ತಿ ಬಿತ್ತಾ?" ಶಿಕ್ಷಕರು ತಾವೇ ತಿದ್ದಿಬಿಟ್ಟರೆ ಈ ಸಂಭಾಷಣೆ ಸತ್ತುಹೋಗುತ್ತದೆ. ಎರಡು ದಿನ ಸುಮ್ಮನಿರಿ. ನಮ್ಮ ವೃತ್ತಿಯವರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

8. ಟಿಪ್ಪಣಿ ಕಲಿಸುವುದು

ಹೇಳಿಕೊಡದಿದ್ದರೆ ಮಕ್ಕಳ ಟಿಪ್ಪಣಿ "ಸೂಪರ್" ಅಥವಾ "ತಪ್ಪು" ಎಂಬಲ್ಲಿಗೆ ಮುಗಿಯುತ್ತದೆ. ಒಂದು ಸರಳ ನಿಯಮ ಕೊಡಿ: ಬರಹದಲ್ಲಿ ನಿನಗೆ ಹೊಸದಾಗಿ ತಿಳಿದದ್ದು ಒಂದು, ಇನ್ನೂ ತಿಳಿಯದೆ ಉಳಿದ ಪ್ರಶ್ನೆ ಒಂದು. ಜುಲೈ ಕೊನೆಗೆ ಎರಡೂ ಕಡೆಯವರು ಅರ್ಧ ಪುಟ ಬರೆಯಲಿ. ಕೆಳಗಿನವರು ಗಜನಿಯಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗ ಭತ್ತದ ಬಗ್ಗೆ, ಅಳಿವೆಯಲ್ಲಿ ಬಳಚು ಎಂಬ ಚಿಪ್ಪು ಆರಿಸುವವರ ಬಗ್ಗೆ. ಮೇಲಿನವರು ಅಡಿಕೆಗೆ ಕೊಳೆ ಬರದಂತೆ ಮದ್ದು ಹೊಡೆಯುವುದರ ಬಗ್ಗೆ, ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುವುದರ ಬಗ್ಗೆ. ಗೊತ್ತಿಲ್ಲದ ಶಬ್ದ ಬಂದಲ್ಲೆಲ್ಲ ಪ್ರಶ್ನೆ ಏಳುತ್ತದೆ, ಬರೆದವರು ವಿವರಿಸಲೇಬೇಕಾಗುತ್ತದೆ. ಮಾರ್ಕ್ಸಿಗಾಗಿ ಮಾಸ್ತರಿಗೆ ಬರೆಯುವುದಕ್ಕೂ, ನಿಜಕ್ಕೂ ಗೊತ್ತಿಲ್ಲದ ಒಬ್ಬರಿಗೆ ಬರೆಯುವುದಕ್ಕೂ ಇರುವ ವ್ಯತ್ಯಾಸ ಆ ಅರ್ಧ ಪುಟದಲ್ಲೇ ಕಾಣುತ್ತದೆ.

ಬರೆಯಲು ಹಿಂದೇಟು ಹಾಕುವ ಮಗುವಿಗೆ ಧ್ವನಿ ಇದೆ. ಅಜ್ಜಿ ಹೇಳಿದ್ದನ್ನು ಕೇಳಿ ಬಂದು ಶಾಲೆಯ ಸಾಧನದಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಲಿ, ಕೊಂಕಣಿಯಲ್ಲಿರಲಿ, ಹಾಲಕ್ಕಿ ಕನ್ನಡದಲ್ಲಿರಲಿ. ಕೇಳಿ ಬರೆದು ಹಾಳೆಗೆ ಹಾಕುವುದು ಗುಂಪಿನ ಕೆಲಸ. ಮನೆಮಾತಿಗೆ ಶಾಲೆಯಲ್ಲಿ ಜಾಗ ಸಿಗದೆ ಬಾಯಿ ಮುಚ್ಚಿಕೊಂಡ ಮಕ್ಕಳು ಮಾತಾಡತೊಡಗುವುದು ಬಹುಪಾಲು ಇಲ್ಲಿಯೇ.

9. ವಿಡಿಯೊ ಕರೆ ಕೊನೆಗೆ

ಎಲ್ಲರೂ ವಿಡಿಯೊದಿಂದ ಶುರು ಮಾಡುತ್ತಾರೆ, ನಾನು ಕೊನೆಗೆ ಇಡುತ್ತೇನೆ. ಪರಿಚಯವಿಲ್ಲದ ನಲವತ್ತು ಮಕ್ಕಳು ಒಂದು ಪರದೆಯೆದುರು ಕೂತರೆ ಕೈ ಬೀಸಿ, ಹೋ ಎಂದು ಕೂಗಿ ಮುಗಿಯುತ್ತದೆ. ಎರಡು ತಿಂಗಳು ಒಂದೇ ಹಾಳೆಯಲ್ಲಿ ಬರೆದವರಿಗಾದರೆ ಕೇಳಲು ಮಾತಿರುತ್ತದೆ. ಪ್ರಶ್ನೆಗಳು ಮೂರು ದಿನ ಮೊದಲೇ ಹಾಳೆಯಲ್ಲಿ ಇರಲಿ, ಯಾರು ಯಾವುದನ್ನು ಕೇಳುತ್ತಾರೆಂದೂ ಗೊತ್ತಾಗಿರಲಿ. ಶಾಲೆಗೆ ಒಂದೇ ಸಾಧನ, ಒಂದು ಒಳ್ಳೆಯ ಸ್ಪೀಕರ್, ಮಾತಾಡುವವರು ಮೈಕಿನ ಹತ್ತಿರ ಬರಬೇಕು. ಇಪ್ಪತ್ತು ನಿಮಿಷ ಸಾಕು. ಉಚಿತ ಗೂಗಲ್ ಮೀಟ್ ಮೂರು ಅಥವಾ ಹೆಚ್ಚು ಕಡೆಯವರು ಸೇರಿದರೆ ಒಂದು ತಾಸಿಗೆ ನಿಲ್ಲುತ್ತದೆ, ಎರಡೇ ಶಾಲೆಗೆ ಆ ಚಿಂತೆ ಇಲ್ಲ. ಚಿತ್ರ ನಿಂತುಹೋದರೆ ಕ್ಯಾಮೆರಾ ಮುಚ್ಚಿ ಧ್ವನಿ ಮಾತ್ರ ಇಡಿ, ಅದೂ ಹೋದರೆ ಮಾಮೂಲಿ ಫೋನ್ ಕರೆಯನ್ನು ಸ್ಪೀಕರಿಗೆ ಹಾಕಿ ಮುಂದುವರಿಸಿ.

10. ಅಂಕ

ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಇವೆ, ಅವುಗಳಲ್ಲಿ ಒಂದರ ಚಟುವಟಿಕೆಯಾಗಿ ಇದನ್ನು ಇಡಿ. ಹೆಚ್ಚುವರಿ ಹೊರೆಯಾಗಿ ಇಟ್ಟರೆ ಸೆಪ್ಟೆಂಬರಿನಲ್ಲಿ ಎಲ್ಲರೂ ಕೈಬಿಡುತ್ತಾರೆ. ಶಾಲೆಯ ಒಂದೇ ಖಾತೆಯಿಂದ ಬರೆಯುವಾಗ ಆವೃತ್ತಿ ಇತಿಹಾಸ ಯಾರು ಬರೆದರೆಂದು ತೋರಿಸುವುದಿಲ್ಲ, ಹೆಸರಿನ ಮೊದಲಕ್ಷರ ಬರೆಸುವುದು ಅದಕ್ಕೇ. ಗುಂಪಿಗೆ ಸ್ವಲ್ಪ ಅಂಕ ಇರಲಿ, ಹೆಚ್ಚಿನದು ಒಬ್ಬೊಬ್ಬರಿಗೆ. ಹಾಳೆಯನ್ನು ಎದುರಿಗಿಟ್ಟು ಎರಡು ನಿಮಿಷ ಬಾಯಲ್ಲಿ ಕೇಳಿ: "ಈ ವಾರ ಕೆಳಗೆ ಮಳೆ ಕಡಿಮೆ, ಮೇಲೆ ಹೆಚ್ಚು, ಯಾಕಿರಬಹುದು?" ಟೈಪಿನ ವೇಗಕ್ಕೆ, ಅಲಂಕಾರದ ಬಣ್ಣಕ್ಕೆ ಅಂಕ ಕೊಡಬೇಡಿ.

11. ಮಳೆಗಾಲದ ಮುನ್ನೆಚ್ಚರಿಕೆ

ಗುಡುಗು ಕೇಳಿದ ಕೂಡಲೇ ರೂಟರಿನ ಪ್ಲಗ್ಗೂ ಕೇಬಲ್ಲೂ ಎರಡನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಶುಕ್ರವಾರ ಸಂಜೆ ಹಾಳೆಯ ಪ್ರತಿಯೊಂದನ್ನು ಡೌನ್‌ಲೋಡ್ ಮಾಡಿಡಿ. ದಿನದ ಲೆಕ್ಕವನ್ನು ಮೊದಲು ವಹಿಯಲ್ಲಿ ಬರೆದು ಆಮೇಲೆ ಹಾಳೆಗೆ ಹಾಕುವುದು ರೂಢಿಯಾದರೆ ಮರ ಬಿದ್ದು ವಾರವಿಡೀ ಫೈಬರ್ ಇಲ್ಲದಿದ್ದರೂ ಯಾವ ದಿನವೂ ಖಾಲಿ ಉಳಿಯುವುದಿಲ್ಲ. ಮಳೆ ರಜೆಯ ದಿನ ಅಳೆಯಲು ಶಾಲೆಯ ಹತ್ತಿರದ ಇಬ್ಬರು ಮಕ್ಕಳ ಮನೆಯಲ್ಲೂ ಒಂದೊಂದು ಬಾಟಲಿ ಇರಲಿ.

12. ವರ್ಗಾವಣೆ ಆದರೆ

ಇಂಥ ಕೆಲಸಗಳು ನಿಲ್ಲುವುದು ಹೆಚ್ಚಾಗಿ ಮಾಡುತ್ತಿದ್ದ ಮಾಸ್ತರಿಗೆ ವರ್ಗವಾದಾಗ. ಖಾತೆಯ ಗುರುತು ಖಚಿತಪಡಿಸುವ ಒಟಿಪಿ ಅವರ ಸಿಮ್ಮಿಗೆ ಬರುತ್ತದೆ, ಅವರು ಆಗಲೇ ಹಳಿಯಾಳದಲ್ಲೋ ಭಟ್ಕಳದಲ್ಲೋ ಇರುತ್ತಾರೆ. ಬೀಳ್ಕೊಡುಗೆಯ ಹಾರ ಹಾಕುವ ಮೊದಲು ಮರುಪಡೆಯುವ ಫೋನ್ ನಂಬರನ್ನು ಮುಖ್ಯ ಶಿಕ್ಷಕರ ನಂಬರಿಗೆ ಬದಲಿಸಿ, ಸ್ವಂತ ಖಾತೆಯಲ್ಲಿ ಉಳಿದ ಕಡತಗಳ ಮಾಲೀಕತ್ವವನ್ನು ಶಾಲೆಯ ಖಾತೆಗೆ ವರ್ಗಾಯಿಸಿ, ಹೊಸ ಪಾಸ್‌ವರ್ಡನ್ನು ಕಪಾಟಿನ ರಿಜಿಸ್ಟರಿಗೆ ಹತ್ತಿಸಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, ಹಾಗಾಗಿ ಯೋಜನೆ ನಿಂತ ವರ್ಷವೂ ಜೂನಿನಲ್ಲೊಮ್ಮೆ ತೆರೆದು ನೋಡಿ. ಜೊತೆಗಾರ ಶಾಲೆಯ ಶಿಕ್ಷಕರ ಹೆಸರು, ನಂಬರು, ಯಾವ ವಾರ ಏನು ಮಾಡಿದೆವು ಎಂಬ ಒಂದು ಪುಟದ ಟಿಪ್ಪಣಿಯನ್ನು ಬರುವವರ ಕೈಗೆ ಕೊಡಿ. ಮಳೆಮಾಪಕದ ಬಾಟಲಿ ಎಲ್ಲಿದೆ ಎಂಬುದನ್ನೂ ಅದರಲ್ಲಿ ಬರೆಯಿರಿ, ಇಲ್ಲವಾದರೆ ಬೇಸಿಗೆಯಲ್ಲಿ ಯಾರೋ ಗುಜರಿಗೆ ಹಾಕುತ್ತಾರೆ.